ಲೈನ್ ಹೋತು, ಲೈನ್ ಬಂತು

ಜೋಳದ ರೊಟ್ಟಿಯ ಮಗ್ಗುಲಿಗೆ ಅಗಸಿ ಹಿಂಡಿ, ಅದರ ನಡುವೆ ಬೆರಳಿನಿಂದ ಸಣ್ಣ ಕುಳಿ ಮಾಡಿ ಹಾಕಿಕೊಂಡ ಎಣ್ಣಿ. ಬೀದರ್ ಸೀಮೆಯಲ್ಲಿ ಉಂಡವರಿಗೆ ಈ ರುಚಿ ಹೇಳಿಕೊಡಬೇಕಿಲ್ಲ. ಆ ಅಗಸೆ ಗಿಡಕ್ಕೆ ಲ್ಯಾಟಿನ್ ಭಾಷೆಯಲ್ಲಿ ಲೀನಮ್ ಎಂದು ಹೆಸರು. ಯುರೋಪಿನವರು ಅದರ ಕಾಂಡವನ್ನು ಕೊಳೆಹಾಕಿ ನಾರು ತೆಗೆದು ಹುರಿ ಹೊಸೆದರು. ಆ ಹುರಿಯೇ ಲೀನಿಯಾ. ಅದು ಇಂಗ್ಲಿಷಿಗೆ ಬಂದು ಲೈನ್ ಆಯಿತು. ಅದೇ ನಾರಿನ ಬಟ್ಟೆ ಲಿನೆನ್, ಅದೇ ಗಿಡದ ಬೀಜ ಲಿನ್‌ಸೀಡ್. ಅವರು ನಾರು ಎಳೆದರು, ನಾವು ಬೀಜ ಹುರಿದು ಕುಟ್ಟಿದೆವು. ಊರಬಾಗಿಲಿಗೆ ಹೇಳುವ ಅಗಸಿ ಬೇರೆಯೇ ಮಾತು, ಅದನ್ನು ಇದರೊಡನೆ ಕೂಡಿಸಬಾರದು. ಆದರೆ ಬೀದರಿನ ಅಡುಗೆಮನೆಯ ಡಬ್ಬಿಯಲ್ಲಿರುವ ಕಾಳಿಗೂ, ಅದೇ ಮನೆಯ ಹೊರಗೆ ಕಂಬದಿಂದ ಕಂಬಕ್ಕೆ ಎಳೆದ ತಂತಿಯ ಹೆಸರಿಗೂ ಇರುವ ನೆಂಟಸ್ತಿಕೆ ನಿಜವಾದದ್ದು.

ಕನ್ನಡದಲ್ಲಿ ಇಂಗ್ಲಿಷ್ ಪದ ಸೇರುವ ಪ್ರಶ್ನೆ ಬಂದಾಗಲೆಲ್ಲ ನಾವು ಬೇಗ ತೀರ್ಪಿಗೆ ಹೋಗುತ್ತೇವೆ. ಕನ್ನಡ ಕೆಟ್ಟಿತು ಎನ್ನುವವರು ಒಂದು ಕಡೆ, ಭಾಷೆ ಬೆಳೆಯುವುದೇ ಹೀಗೆ ಎನ್ನುವವರು ಇನ್ನೊಂದು ಕಡೆ. ಒಂದು ಪದವನ್ನು ಕೈಯಲ್ಲಿ ಹಿಡಿದು ಅದು ಯಾವ ದಾರಿಯಿಂದ ಬಂತು, ಎಲ್ಲಿ ಬೇರು ಬಿಟ್ಟಿತು, ಎಲ್ಲಿ ಬಿಡಲಿಲ್ಲ, ಯಾವ ಕ್ರಿಯಾಪದದ ಜೊತೆ ಸಂಸಾರ ಹೂಡಿತು ಎಂದು ನೋಡುವ ತಾಳ್ಮೆ ಇಬ್ಬರಲ್ಲೂ ಕಡಿಮೆ. ಹಾಗೆ ನೋಡಲು ಬೀದರ್, ಭಾಲ್ಕಿ, ಔರಾದಿಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಅಪರೂಪ. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಇಲ್ಲಿ ಒಂದೇ ಸಂತೆಯಲ್ಲಿ ಕೇಳುತ್ತವೆ. ನೋಡಲು ಲೈನ್‌ಗಿಂತ ಒಳ್ಳೆಯ ಪದವೂ ಸಿಗದು. ಇಂಗ್ಲಿಷಿನಲ್ಲಿ ಅದು ಒಂದೇ ಪದ. ಕನ್ನಡದಲ್ಲಿ ಅದರ ಹೊಲಕ್ಕೆ ಮೊದಲೇ ಹಲವು ಒಡೆಯರಿದ್ದರು: ಗೆರೆ, ಗೀಟು, ಎಳೆ, ಹುರಿ, ಸಾಲು, ಪಾಳಿ, ಸರದಿ, ರೇಖೆ, ಪಂಕ್ತಿ.

ಇಲ್ಲಿ ಲೈನ್ ದೊಡ್ಡದಾಗಿ ಬಂದದ್ದು ರೈಲಿನ ಜೊತೆ. ನಿಜಾಮರ ಕಾಲದಲ್ಲಿ ವಿಕಾರಾಬಾದಿನಿಂದ ಬೀದರಿಗೆ 1930ರಲ್ಲಿ, ಅಲ್ಲಿಂದ ಮುಂದೆ ಪರಳಿ ವೈಜನಾಥಕ್ಕೆ 1932ರಲ್ಲಿ ರೈಲು ಮಾರ್ಗ ತೆರೆಯಿತು. ಭಾಲ್ಕಿ, ಕಮಲನಗರ, ಉದಗೀರ್ ಇದೇ ಮಾರ್ಗದ ಮೇಲಿವೆ. ಆಗ ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಉರ್ದು. ಟೇಷನ್ ಮಾಸ್ತರನಿಂದ ಹಿಡಿದು ಗ್ಯಾಂಗಿನ ಕೂಲಿಯವರೆಗೆ ಬಾಯಿಂದ ಬಾಯಿಗೆ ದಾಟಿದ್ದು ದಖನಿ ಮಾತು. ಹೀಗಾಗಿ ಬೀದರಿನವರು ಈ ಪದವನ್ನು ಇಂಗ್ಲಿಷರ ಬಾಯಿಂದ ಕೇಳಲಿಲ್ಲ, ದಖನಿಯವರ ಬಾಯಿಂದ ಕೇಳಿದರು. ಹಳೇ ಮೈಸೂರಿನಲ್ಲಿ ಕನ್ನಡ ಬಲ್ಲ ಗುಮಾಸ್ತರು ಇಂಗ್ಲಿಷನ್ನು ಓದಿ ಕನ್ನಡಕ್ಕೆ ತಂದರೆ, ಇಲ್ಲಿ ಇಂಗ್ಲಿಷ್ ಮೊದಲು ಉರ್ದುವಿನ ಮನೆಯಲ್ಲಿ ಇಳಿದು ಆಮೇಲೆ ನಮ್ಮ ಓಣಿಗೆ ಬಂತು. ಈ ಒಂದು ವ್ಯತ್ಯಾಸವನ್ನು ಮರೆತರೆ ಮುಂದಿನದೆಲ್ಲ ತಪ್ಪಾಗಿ ಕಾಣುತ್ತದೆ.

ಭಾಲ್ಕಿಯಲ್ಲಿ ಇಂದಿಗೂ ಬರೀ ಲೈನ್ ಎಂದರೆ ಮೊದಲು ನೆನಪಾಗುವುದು ರೈಲೇ. ದಾರಿ ಹೇಳುವಾಗ "ಲೈನ್ ದಾಟಿ ಹೋಗ್ರಿ" ಎಂದರೆ ಸಾಕು, ಯಾವ ಲೈನ್ ಎಂದು ಯಾರೂ ಕೇಳುವುದಿಲ್ಲ. ತಾಲೂಕಿನ ಖಾನಾಪುರ ಈಗ ಜಂಕ್ಷನ್. ಕಲಬುರಗಿ ಕಡೆಯ ಹೊಸ ಮಾರ್ಗ ಅಲ್ಲಿಂದ ಕವಲೊಡೆದು ಹುಮನಾಬಾದಿನ ಮೇಲೆ ಹೋಗುತ್ತದೆ. ಸುಮಾರು 110 ಕಿಲೋಮೀಟರಿನ ಆ ಮಾರ್ಗಕ್ಕಾಗಿ ಎರಡು ತಲೆಮಾರು ಕಾದಿತ್ತು. ಕೊನೆಗೆ 2017ರ ಅಕ್ಟೋಬರ್ 29ರಂದು ಪ್ರಧಾನಿ ನರೇಂದ್ರ ಮೋದಿ ಬೀದರಿನಲ್ಲಿ ಅದನ್ನು ಉದ್ಘಾಟಿಸಿದರು. ಕಾದ ಅಷ್ಟೂ ವರ್ಷ ಪತ್ರಿಕೆಗಳು 'ರೈಲು ಮಾರ್ಗ' ಎಂದೇ ಬರೆದವು, ಜನ 'ಲೈನ್' ಎಂದೇ ಕೇಳಿದರು. ಹಳಿ ಎಂಬ ಸೊಗಸಾದ ಪದವೂ ಇಲ್ಲಿ ಪಠ್ಯಪುಸ್ತಕದ ಮೂಲಕವೇ ಬಂದದ್ದು.

ರೈಲಿನ ನಂತರ ತಂತಿ. ಇಲ್ಲಿ ವಿಷಯ ಹೆಚ್ಚು ಸೂಕ್ಷ್ಮ. ವಿದ್ಯುತ್ತಿಗೆ ಇಂಗ್ಲಿಷಿನಿಂದಲೇ ಬಂದ ಮೂರು ಹೆಸರು ನಮ್ಮಲ್ಲಿ ಒಟ್ಟಿಗೇ ಬದುಕುತ್ತಿವೆ: ಲೈಟ್, ಕರೆಂಟ್, ಲೈನ್. ಮೂರೂ ಒಂದೇ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಮನೆಯಲ್ಲಿ ಕತ್ತಲಾದರೆ "ಲೈಟ್ ಹೋಗ್ಯಾವ" ಎನ್ನುತ್ತಾರೆ, ಬಹುವಚನ. ಆರಿಹೋದದ್ದು ದೀಪಗಳು, ಅವು ಹಲವು. ಮುಟ್ಟಿದರೆ ಹೊಡೆಯುವುದು ಕರೆಂಟ್. "ಲೈಟ್ ಹೊಡೀತು" ಎಂದು ಯಾರೂ ಅನ್ನುವುದಿಲ್ಲ. ಹೊಲದಲ್ಲಿ ಪಂಪು ತಿರುಗುವುದು ಲೈನ್ ಬಂದಾಗ. ಅದು ಏಕವಚನ: "ಲೈನ್ ಬಂದಾದೇನ್ರಿ ಕಾಕಾ?" ಲೈಟ್ ಎಂದರೆ ಮನೆಗೆ ಸಿಕ್ಕ ಬೆಳಕು, ಕರೆಂಟ್ ಎಂದರೆ ತಂತಿಯೊಳಗಿನ ಶಕ್ತಿ, ಲೈನ್ ಎಂದರೆ ಎಲ್ಲಿಂದಲೋ ಯಾರೋ ಬಿಡುವ, ಹೊತ್ತು ನೋಡಿ ಕಾಯಬೇಕಾದ ಸರಬರಾಜು. ಪಂಪ್‌ಸೆಟ್ಟುಗಳಿಗೆ ದಿನಕ್ಕೆ 7 ತಾಸು ತ್ರೀ ಫೇಸ್ ಕೊಡುವುದು ಸರ್ಕಾರದ ನೀತಿ. ನಿರಂತರ ಜ್ಯೋತಿ ಯೋಜನೆ ಬಂದು ಊರಿನ ಫೀಡರ್ ಬೇರೆ, ನೀರಾವರಿಯ ಫೀಡರ್ ಬೇರೆ ಆದ ಮೇಲೆ ಹೊಲದ ಲೈನ್, ಊರ ಲೈನ್ ಎಂಬ ಮಾತುಗಳೂ ಹುಟ್ಟಿದವು. ನಡುರಾತ್ರಿ ಎದ್ದು ಬ್ಯಾಟರಿ ಹಿಡಿದು ಹೊಲಕ್ಕೆ ನಡೆಯುವವನಿಗೆ ಲೈನ್ ಎಂಬುದು ಹೊತ್ತಿನ ಹೆಸರೂ ಹೌದು.

ಔರಾದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕತ್ತಲಾದ ಕ್ಷಣ ಕಿವಿಗೊಟ್ಟು ಕೇಳಬೇಕು. ಮರಾಠಿಯವರಿಗೆ "ಲಾಯ್ಟ್ ಗೇಲಿ": ಏಕವಚನ, ಸ್ತ್ರೀಲಿಂಗ. ದಖನಿಯಲ್ಲಿಯೂ "ಲೈಟ್ ಗಯೀ": ಅವಳೇ. ತೆಲುಗಿನವರು "ಕರೆಂಟು ಪೋಯಿಂದಿ" ಎನ್ನುತ್ತಾರೆ. ಕನ್ನಡದವರಿಗೆ "ಲೈಟ್ ಹೋದವು". ಪದ ಪರರದು, ಆದರೆ ಅದು ಹೆಣ್ಣೋ, ಒಂದೋ, ಹಲವೋ ಎಂದು ತೀರ್ಮಾನಿಸಿದ್ದು ಆಯಾ ಭಾಷೆಯ ಒಳಮನೆ. ನನಗೆ ಭಾಷೆಯ ಆರೋಗ್ಯ ಕಾಣುವುದು ಇಂಥ ಕಡೆ. ಇಂಗ್ಲಿಷ್ ಪದ ಬಂದು ನಮ್ಮ ವ್ಯಾಕರಣಕ್ಕೆ ತಲೆಬಾಗಿದರೆ ಅದು ಮನೆಯ ಸೊಸೆಯಾದಂತೆ. ವ್ಯಾಕರಣವೇ ಅದಕ್ಕೆ ತಲೆಬಾಗಿದಾಗ ಮಾತ್ರ ಚಿಂತಿಸಬೇಕು.

ತಂತಿಯ ಲೋಕದಲ್ಲಿ ಲೈನ್‌ನ ಅತ್ಯಂತ ಭಾರವಾದ ಬಳಕೆ ಎರಡೇ ಪದದ್ದು: ಲೈನ್ ಕ್ಲಿಯರ್. ಇದೂ ಮೂಲತಃ ರೈಲಿನ ಮಾತು. ಒಂಟಿ ಮಾರ್ಗದಲ್ಲಿ ಈ ಟೇಷನ್ನಿನವರು ಮುಂದಿನ ಟೇಷನ್ನಿಗೆ ಲೈನ್ ಕ್ಲಿಯರ್ ಕೇಳಬೇಕು. ಹಿಂದೆಲ್ಲ ಅಲ್ಲಿಂದ ಒಪ್ಪಿಗೆ ಬಂದರೆ ಯಂತ್ರದಿಂದ ಉಕ್ಕಿನ ಗುಂಡೊಂದು ಹೊರಬೀಳುತ್ತಿತ್ತು. ಅದನ್ನು ಚರ್ಮದ ಚೀಲಕ್ಕೆ ಹಾಕಿ, ಬಳೆಯಂಥ ದೊಡ್ಡ ಹಿಡಿಕೆಗೆ ಕಟ್ಟಿ ಡ್ರೈವರನ ಕೈಗೆ ಕೊಟ್ಟ ಮೇಲೆಯೇ ಗಾಡಿ ಹೊರಡುತ್ತಿತ್ತು. ಅಲ್ಲಿ ಲೈನ್ ಕ್ಲಿಯರ್ ಎಂದರೆ: ದಾರಿ ತೆರವಾಗಿದೆ, ಬರಬಹುದು.

ವಿದ್ಯುತ್ ಇಲಾಖೆಯಲ್ಲಿ ಅದೇ ಮಾತಿನ ಅರ್ಥ ತಿರುಗುಮುರುಗು. ಕಂಬ ಹತ್ತುವ ಮುನ್ನ ಲೈನ್‌ಮ್ಯಾನ್ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರ್ ತಗೊಳ್ಳುತ್ತಾನೆ. ಅವರ ಬಾಯಲ್ಲಿ ಅದು ಎಲ್‌ಸಿ. ಅಲ್ಲಿಯ ಆಪರೇಟರ್ ಆ ಫೀಡರ್ ಬಂದ್ ಮಾಡಿ, ಪುಸ್ತಕದಲ್ಲಿ ಬರೆದು, ನಂಬರ್ ಕೊಡುತ್ತಾನೆ. ಲೈನ್‌ಮ್ಯಾನ್ ಉದ್ದನೆಯ ಕೋಲಿನಿಂದ ತಂತಿಗೆ ಅರ್ಥಿಂಗ್ ಕೊಟ್ಟು, ಅದರಲ್ಲಿ ಏನೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಮೇಲೇರಬೇಕು. ಇಳಿದ ಮೇಲೆ ಎಲ್‌ಸಿ ವಾಪಸ್ ಕೊಡಬೇಕು. ಅವನು ಕೊಡುವತನಕ ಸ್ವಿಚ್ಚಿಗೆ ಯಾರೂ ಕೈ ಹಚ್ಚಬಾರದು. ಇಲ್ಲಿ ಲೈನ್ ಕ್ಲಿಯರ್ ಎಂದರೆ: ಯಾವುದೂ ಬರಬಾರದು, ಮೇಲೆ ಮನುಷ್ಯ ಇದ್ದಾನೆ. ಒಂದರಲ್ಲಿ ತೆರವು ಎಂದರೆ ಗಾಡಿಗೆ ಅಪ್ಪಣೆ, ಇನ್ನೊಂದರಲ್ಲಿ ಕರೆಂಟಿಗೆ ತಡೆ. ಯಾವುದೋ ಮನೆಯ ಜನರೇಟರಿನಿಂದ ಹಿಮ್ಮುಖವಾಗಿ ಹರಿದ ಕರೆಂಟಿನಿಂದಲೋ, ಯಾರೋ ಅವಸರದಲ್ಲಿ ಸ್ವಿಚ್ ಹಾಕಿದ್ದರಿಂದಲೋ ಕಂಬದ ಮೇಲೆಯೇ ಜೀವ ಬಿಟ್ಟವರ ಸುದ್ದಿ ಓದಿದಾಗಲೆಲ್ಲ ಈ ಎರಡು ಪದಗಳ ತೂಕ ತಿಳಿಯುತ್ತದೆ. ಇದಕ್ಕೆ ಯಾರೋ ಕಚೇರಿಯಲ್ಲಿ ಕೂತು 'ಮಾರ್ಗ ಮುಕ್ತತೆ' ಎಂದು ಅನುವಾದಿಸಿದರೆ ನಾನು ಒಪ್ಪಲಾರೆ. ಒಬ್ಬನ ಜೀವ ನಿಂತಿರುವ ಮಾತು ಫೋನಿನ ಆಚೆಗಿನವನಿಗೆ ಮೊದಲ ಸಲಕ್ಕೇ ತಿಳಿಯಬೇಕು.

ಈ ಭಾಗದ ವಿದ್ಯುತ್ ಸರಬರಾಜು 2002ರಲ್ಲಿ ಜೆಸ್ಕಾಂ ಕಂಪನಿಗೆ ಸೇರಿತು. ಜನರ ಬಾಯಲ್ಲಿ ಇನ್ನೂ ಕೆಇಬಿ. ಇತ್ತೀಚಿನ ನೇಮಕಾತಿಗಳಲ್ಲಿ ಲೈನ್‌ಮ್ಯಾನ್ ಹುದ್ದೆ ಪವರ್‌ಮ್ಯಾನ್ ಆಗಿದೆ. ಆದರೂ ಊರವರು ಕರೆಯುವುದು ಲೈನ್‌ಮನ್ ಎಂದೇ. ಲೈನ್ ಕ್ಲಿಯರ್ ಕೂಡ ಇಲಾಖೆಗಳನ್ನು ದಾಟಿ ಸಂಸಾರಕ್ಕೆ ಬಂದಿದೆ: ಅಕ್ಕನ ಲಗ್ನ ಆತು, ಇನ್ನ ತಮ್ಮಂದು ಲೈನ್ ಕ್ಲಿಯರ್.

ಈಗ ಕ್ರಿಯಾಪದಗಳಿಗೆ ಬರೋಣ. ಪದದ ಪಯಣದ ಗುರುತು ಉಳಿಯುವುದು ಅಲ್ಲಿಯೇ. ಬೆಂಗಳೂರಿನವರು ಲೈನಲ್ಲಿ ನಿಲ್ಲುತ್ತಾರೆ, ಕ್ಯೂ ನಿಲ್ಲುತ್ತಾರೆ. ಬೀದರಿನವರು ಲೈನ್ ಹಚ್ಚುತ್ತಾರೆ. "ಮುಂಜಾನಿಂದ ಲೈನ್ ಹಚ್ಚೀನಿ" ಎಂಬುದರ ಹಿಂದೆ ಉರ್ದುವಿನ 'ಲೈನ್ ಲಗಾನಾ' ಇದೆ. 'ನಂಬರ್ ಲಗಾನಾ' ನಮ್ಮಲ್ಲಿ ನಂಬರ್ ಹಚ್ಚೋದು ಆಗಿದೆ. ಅಂಗಡಿಯ ಕಟ್ಟೆಯ ಮೇಲೆ ಚೀಲ ಇಟ್ಟು, ನಂಬರ್ ಹಚ್ಚಿ ಚಹಾ ಕುಡಿದು ಬರಬಹುದು. ಹುಡುಗರು ಲೈನ್ ಹೊಡೆಯುವುದು 'ಲೈನ್ ಮಾರನಾ' ಎಂಬುದರ ಕನ್ನಡ ರೂಪ. ದಾರಿ ತಪ್ಪಿದವನು ಸುಧಾರಿಸಿದರೆ "ಲೈನಿಗಿ ಬಂದಾನ", ಅದು 'ಲೈನ್ ಪರ್ ಆನಾ'. ಯಾವ ಉದ್ಯೋಗ ಎಂದು ಕೇಳಲು "ನೀವು ಯಾವ ಲೈನ್‌ದಾಗ ಇದ್ದೀರಿ?" ಎನ್ನುವುದೂ ಆ ಕಡೆಯಿಂದಲೇ. ನಾಮಪದ ಇಂಗ್ಲಿಷಿನದು, ಅದನ್ನು ಹೊತ್ತು ತಂದ ಗಾಡಿ ದಖನಿಯದು, ಇಳಿಸಿಕೊಂಡ ಅಂಗಳ ಕನ್ನಡದ್ದು.

ಹಾಗೆಂದು ಎಲ್ಲವನ್ನೂ ಉರ್ದುವಿಗೆ ಕಟ್ಟುವುದು ಸರಿಯಲ್ಲ. ಹಚ್ಚು ಎಂಬ ನಮ್ಮ ಕ್ರಿಯಾಪದದ ಹರವು ಮೊದಲಿಂದಲೂ ದೊಡ್ಡದು. ದೀಪ ಹಚ್ಚುತ್ತೇವೆ, ಎಣ್ಣಿ ಹಚ್ಚುತ್ತೇವೆ, ಮಗನನ್ನು ಸಾಲಿಗೆ ಹಚ್ಚುತ್ತೇವೆ, ಆಳುಗಳನ್ನು ಕೆಲಸಕ್ಕೆ ಹಚ್ಚುತ್ತೇವೆ, ಪಾಳಿ ಹಚ್ಚುತ್ತೇವೆ. ಲಗಾನಾಕ್ಕೆ ಕೂರಲು ಜಾಗ ತಯಾರಿತ್ತು. ಉರ್ದುವಿನ ನೆರಳಿನಲ್ಲೂ ಈ ಕನ್ನಡ ಉಳಿದದ್ದು ಎರಡು ದಾರಿಯಲ್ಲಿ. ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದಲ್ಲಿ ಮನೆಮಾತು. ಭಾಷೆಯ ಮೇಲೆ ಅಧಿಕಾರದ ಕಣ್ಣಿದ್ದ ದಿನಗಳಲ್ಲಿ ಅಂಥ ಶಾಲೆಗಳಿಂದಲೇ ಇಲ್ಲಿಯ ಕನ್ನಡದ ಓದು ಬರಹ ಉಳಿಯಿತು. ಮನೆಯ ಮಾತು ಮಾತ್ರ ಯಾವ ಶಾಲೆಯ ಆಸರೆಯೂ ಇಲ್ಲದೆ, ಬಂದ ಪದಗಳಿಗೆ ತನ್ನದೇ ಪ್ರತ್ಯಯ ಹಚ್ಚುತ್ತ, ತನ್ನ ಪಾಡಿಗೆ ತಾನು ಬದುಕಿತು.

ಪಾಳಿಯ ವಿಷಯ ಬಂದಿದ್ದರಿಂದ ಇನ್ನೊಂದು ಮಾತು. ಕಚೇರಿಗಳ ಗೋಡೆಯ ಮೇಲೆ 'ಸರದಿ ಸಾಲಿನಲ್ಲಿ ಬನ್ನಿ' ಎಂದು ಬರೆದಿರುತ್ತದೆ. ಆ ಗೋಡೆಯ ಕೆಳಗೆ ನಿಂತವರು ಯಾರೂ ಆ ಮಾತು ಆಡುವುದಿಲ್ಲ. ಅವರು ಲೈನ್‌ದಾಗ ನಿಂತು ಪಾಳಿಗೆ ಕಾಯುತ್ತಾರೆ. ಎರಡೂ ಒಂದೇ ಅಲ್ಲ. ಲೈನ್ ಎಂದರೆ ಒಬ್ಬರ ಹಿಂದೆ ಒಬ್ಬರು ನಿಂತ ಸಾಲು, ಕಣ್ಣಿಗೆ ಕಾಣುವ ಆಕಾರ. ಪಾಳಿ ಎಂದರೆ ಹಕ್ಕು. "ನಂದು ಪಾಳಿ ಅದ" ಎಂದ ಮುದುಕಿಯನ್ನು ಹಿಂದೆ ಸರಿಸಲು ಯಾರಿಗೂ ಬಾಯಿ ಬರುವುದಿಲ್ಲ. "ನಾ ಲೈನ್‌ದಾಗ ಇದ್ದೀನಿ" ಎಂದರೆ ಅಷ್ಟು ಬಲವಿಲ್ಲ, ಕೌಂಟರ್ ಮುಚ್ಚಿದರೆ ಲೈನ್ ಒಡೆದುಹೋಗುತ್ತದೆ. ಲೈನ್ ಬಂದ ಮೇಲೂ ಪಾಳಿ ಸಾಯದೆ ಉಳಿದದ್ದು ಈ ಕಾರಣಕ್ಕೆ. ಬೀದರಿನ ಕಚೇರಿಗಳ ಫಲಕದ ಮೇಲೆ ಪಾಳಿ ಎಂದೇ ಬರೆಯಬೇಕೆಂಬುದು ನನ್ನ ಆಸೆ. ಜನರಿಗೆ ಇಲ್ಲದ ಪದವನ್ನು ತಂದು ಅಂಟಿಸುವುದಕ್ಕಿಂತ ಇದ್ದ ಪದಕ್ಕೆ ಗೋಡೆಯ ಮೇಲೆ ಜಾಗ ಕೊಡುವುದು ದೊಡ್ಡ ಕನ್ನಡ ಸೇವೆ.

ಇನ್ನುಳಿದ ಕೆಲವು ಬಳಕೆಗಳನ್ನು ಬೇಗ ದಾಟಬಹುದು. ಪೊಲೀಸ್ ಲೈನ್ ಬ್ರಿಟಿಷರ ದಂಡಿನ ವಸತಿಯಿಂದ ಬಂದದ್ದು, ಸಾಲಾಗಿ ಕಟ್ಟಿದ ಮನೆಗಳು. ಕೊಡಗಿನ ಕಾಫಿ ತೋಟದ ಲೈನ್ ಮನೆ, ಕೋಲಾರದ ಚಿನ್ನದ ಗಣಿಯ ಕಾರ್ಮಿಕರ ಲೈನ್‌ಗಳು ಇದೇ ಕುಲದವು. ಮಕ್ಕಳ ನೋಟ್‌ಬುಕ್ ಸಿಂಗಲ್ ಲೈನ್, ಡಬಲ್ ಲೈನ್, ಫೋರ್ ಲೈನ್. ಬೀದರ್ ಈಗ ದೂರದೂರದ ಮಕ್ಕಳು ಬಂದು ನೀಟ್ ತರಬೇತಿ ಪಡೆಯುವ ಊರು. ಹೀಗಾಗಿ ಮೆಡಿಕಲ್ ಲೈನ್ ಎಂಬ ಮಾತು ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತದೆ. ಅದರ ಭಾರ ಹೊರುವ ಮಕ್ಕಳನ್ನು ನೋಡಿದರೆ ಸಂಕಟವಾಗುತ್ತದೆ, ಅದನ್ನು ಬೇರೆಯಾಗಿಯೇ ಬರೆಯಬೇಕು.

ನೀರಿನ ಲೈನ್ ಬಗ್ಗೆ ಮಾತ್ರ ನಿಂತು ಹೇಳಬೇಕು. ಬಾವಿಯಿಂದ ಹೊಲಕ್ಕೆ ರೈತ ಹಾಕಿಸುವುದು ಪೈಪ್‌ಲೈನ್, ಮಾತಿನಲ್ಲಿ ಬರೀ ಲೈನ್: "ಎರಡು ಸಾವಿರ ಫೂಟ್ ಲೈನ್ ಹಾಕ್ಸೀನಿ." ಮನೆಯೊಳಗೆ ಬಂದ ಕೂಡಲೇ ಅದು ನಳ ಆಗುತ್ತದೆ. ಲೈಟಿನಂತೆ ಅದಕ್ಕೂ ಬಹುವಚನ, "ನಳ ಬಂದಾವ". ಇದೇ ಬೀದರಿನಲ್ಲಿ ಬಹಮನಿ ಕಾಲದ, 15ನೇ ಶತಮಾನದ ನೀರಿನ ಮಾರ್ಗವಿದೆ, ನೌಬಾದಿನ ಕರೇಜ್. ಕೆಮ್ಮಣ್ಣಿನ ಕಲ್ಲು ಕೊರೆದು ನೆಲದಡಿಯಲ್ಲಿ ಇಳಿಜಾರಾಗಿ ತೆಗೆದ ಸುರಂಗ ಅದು. ಗಾಳಿ ಬೆಳಕಿಗೆ, ಹೂಳು ಎತ್ತಲು ಮೇಲಿನಿಂದ 21 ಬಾವಿಗಳು. ಪಂಪಿಲ್ಲದೆ, ಲೈನಿಗೆ ಕಾಯದೆ ನೀರು ತಾನೇ ಹರಿದು ಬರುತ್ತಿತ್ತು. ಜನ ಅದನ್ನು ಸುರಂಗ ಬಾವಿ ಎಂದು ಕರೆದರು. ಪರ್ಷಿಯಾದ ತಂತ್ರಕ್ಕೆ ನಮ್ಮ ಮಾತಿನಲ್ಲಿ ಹೆಸರು ಹುಟ್ಟಿತು. ಅಗೆಯುವವರು, ನೀರು ಕುಡಿಯುವವರು ಇಲ್ಲಿಯವರೇ ಆಗಿದ್ದಾಗ ಹೆಸರೂ ಇಲ್ಲಿಯದೇ ಆಯಿತು. ಪೈಪ್‌ಲೈನ್ ಹಾಗಲ್ಲ. ಅದರ ವಸ್ತು, ಅಳತೆ, ಟೆಂಡರ್, ಬಿಲ್ಲು ಎಲ್ಲ ಹೊರಗಿನಿಂದ ಬಂದವು, ಹೆಸರೂ ಜೊತೆಗೇ ಬಂತು.

ಇದನ್ನೇ ತಿರುಗಿಸಿ ಲೈನ್ ಎಲ್ಲಿ ಬರಲಿಲ್ಲ ಎಂದು ನೋಡಿದರೆ ಹೆಚ್ಚು ತಿಳಿಯುತ್ತದೆ. ಹೊಲದಲ್ಲಿ ತೊಗರಿ, ಸೋಯಾ ಬಿತ್ತುವಾಗ ಅದು ಸಾಲೇ. ಕೂರಿಗಿ ಹೋಗಿ ಟ್ರ್ಯಾಕ್ಟರ್ ಬಂದರೂ ಸಾಲು ಹೋಗಲಿಲ್ಲ, ಅಕ್ಕಡಿ ಸಾಲು ಅಕ್ಕಡಿ ಸಾಲೇ. ಕೃಷಿ ಅಧಿಕಾರಿಯ ಭಾಷಣದಲ್ಲಿ ಲೈನ್ ಸೋಯಿಂಗ್ ಇರಬಹುದು, ಹೊಲದ ಬದುವಿನ ಮೇಲೆ ಇಲ್ಲ. ಅಂಗಳದ ರಂಗೋಲಿಗೆ ಚುಕ್ಕಿ ಮತ್ತು ಎಳಿ. ಬಿದ್ರಿ ಕೆಲಸದ ಮನೆಗಳಲ್ಲಿ ಸತು ತಾಮ್ರದ ಎರಕದ ಮೇಲೆ ಉಳಿಯಿಂದ ಗೀರಿ, ಆ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಆ ತಂತಿ ತಾರ್, ಆ ಕಸುಬು ತಾರ್‌ಕಶಿ. ಕೂದಲೆಳೆಯಂಥ ಗೆರೆಗಳನ್ನು ಜೀವಮಾನವೆಲ್ಲ ಎಳೆಯುವ ಆ ಕೈಗಳಿಗೆ ಲೈನ್ ಎಂಬ ಪದದ ಹಂಗೇ ಬೀಳಲಿಲ್ಲ. ಎಲ್ಲಿ ಕಸುಬು ನಮ್ಮ ಕೈಯಲ್ಲಿದೆಯೋ ಅಲ್ಲಿ ಪದವೂ ನಮ್ಮ ಕೈಯಲ್ಲಿದೆ. ಲೈನ್ ಬಂದು ಕೂತದ್ದು ಕಂಪನಿಯೋ ಸರ್ಕಾರವೋ ಹೊರಗಿನಿಂದ ತಂದು ಕೊಡುವ ವಸ್ತುಗಳ ಮೇಲೆ, ಅವನ್ನು ಪಡೆಯಲು ನಿಲ್ಲುವ ಜಾಗಗಳ ಮೇಲೆ. ಆದ್ದರಿಂದ ಇಂಗ್ಲಿಷ್ ಬೆರೆಸುತ್ತಾರೆ ಎಂದು ರೈತನನ್ನೋ ಲೈನ್‌ಮ್ಯಾನನನ್ನೋ ಬೈಯುವುದು ಅನ್ಯಾಯ. ಅವರು ತಮ್ಮ ಪದ ಬಿಟ್ಟುಕೊಟ್ಟಿಲ್ಲ.

ಕಾಣದಂತೆ ಕೂತ ಲೈನ್ ಒಂದುಂಟು. ಬಿಪಿಎಲ್ ಕಾರ್ಡಿನ ಕೊನೆಯ ಅಕ್ಷರ ಲೈನ್‌ನದೇ, ಬಡತನ ರೇಖೆಯ ಆ ರೇಖೆ. "ನಮ್ದು ಬಿಪಿಎಲ್ ಅದ" ಎನ್ನುವವರಿಗೆ ತಾವು ಯಾವುದೋ ಗೆರೆಯ ಕೆಳಗೆ ಇದ್ದೇವೆಂದು ಆ ಪದ ಹೇಳುವುದಿಲ್ಲ. ಅದು ಅಕ್ಕಿ ಸಿಗುವ, ದವಾಖಾನೆಯಲ್ಲಿ ಉಪಯೋಗ ಬೀಳುವ ಕಾರ್ಡಿನ ಹೆಸರು, ಅಷ್ಟೇ. ಆನ್‌ಲೈನ್ ಇನ್ನೂ ದೂರ ಹೋಗಿದೆ. ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಸಂವಿಧಾನದ 371(ಜೆ) ಅಡಿಯ ಹೈ-ಕ (ಹೈದರಾಬಾದ್ ಕರ್ನಾಟಕ) ಸರ್ಟಿಫಿಕೇಟ್, ಬೆಳೆ ವಿಮೆ ಎಲ್ಲವೂ ಕಂಪ್ಯೂಟರಿಗೆ ಹೋದ ಮೇಲೆ ಆನ್‌ಲೈನ್ ಎಂದರೆ ಅರ್ಜಿ: "ಆನ್‌ಲೈನ್ ಮಾಡ್ಸೀರೇನು?" ಅರ್ಜಿ ತುಂಬಿಕೊಡುವ ಅಂಗಡಿಯೂ ಆನ್‌ಲೈನ್: "ಆನ್‌ಲೈನ್ ಬಲ್ಲಿ ನಿಂತೀನಿ." ಕಿರಾಣಿ ಅಂಗಡಿಯಲ್ಲಿ ಅದು ನಗದಿನ ವಿರುದ್ಧ ಪದ: "ಆನ್‌ಲೈನ್ ಹಾಕ್ಲೇನು?" ಮೂರೂ ಇಂಗ್ಲಿಷಿನವರಿಗೆ ತಿಳಿಯದ ಅರ್ಥಗಳು. ಆದರೆ ಸರ್ವರ್ ನಿಂತ ದಿನ ಆ ಅಂಗಡಿಯ ಮುಂದೆ ಹಚ್ಚಿದ ಲೈನ್ ಬಿಸಿಲಿನಲ್ಲಿ ಸಂಜೆಯವರೆಗೆ ಕರಗುವುದಿಲ್ಲ. ಕೂಲಿ ಬಿಟ್ಟು ಬಂದವರು ನಾಳೆ ಮತ್ತೆ ಬರಬೇಕು. ಅಂಥ ಹೊತ್ತಿನಲ್ಲಿ ಅವರು ಕೇಳುವುದು ಪಾಳಿಯನ್ನು. ನಿನ್ನೆಯ ಪಾಳಿ ಇವತ್ತಿಗೂ ನಡೆಯಬೇಕು ಎಂದು ಜಗಳಾಡುತ್ತಾರೆ. ಅದು ನ್ಯಾಯವಾದ ಜಗಳ.

ಇಷ್ಟೆಲ್ಲ ಲೈನ್‌ಗಳ ನಡುವೆ ನಕ್ಷೆಯ ಮೇಲಿನ ದೊಡ್ಡ ಗೆರೆಗೆ ಮಾತ್ರ ಇಲ್ಲಿ ಲೈನ್ ಎನ್ನುವುದಿಲ್ಲ. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಒಡೆಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಕಡೆ ಮೈಸೂರಿಗೆ ಬಂದವು. ಉದಗೀರ್, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ಇನ್ನೊಂದು ಭಾಗ ಆಂಧ್ರಕ್ಕೆ ಸೇರಿತು. ಔರಾದಿನವರಿಗೆ ಅದು ಗಡಿ, ಇಲ್ಲವೆ ಬಾರ್ಡರ್. ಆಚೆ ಮಗಳ ಮನೆ, ಈಚೆ ತವರು ಇರುವವರು ಅದನ್ನು ಲೈನ್ ಎಂದು ಕರೆದರೆ ದಾಟುವುದು ಕಷ್ಟವಾದೀತು ಎಂದು ನನಗೆ ಅನ್ನಿಸಿದ್ದುಂಟು. ಗಡಿಗೆ ಆಚೆ ಈಚೆ ಎರಡೂ ಇರುತ್ತವೆ.

ಔರಾದ್ ಪಟ್ಟಣಕ್ಕೆ ಇನ್ನೂ ರೈಲಿಲ್ಲ. ಬೀದರಿನಿಂದ ಔರಾದಿನ ಮೇಲೆ ನಾಂದೇಡಿಗೆ ಮಾರ್ಗ ಬೇಕೆಂಬ ಬೇಡಿಕೆ ಹಳೆಯದು. ಚಹಾದ ಅಂಗಡಿಯಲ್ಲಿ ಪೇಪರ್ ಓದುತ್ತ ಒಬ್ಬರು "ಲೈನ್ ಬರ್ತದಂತ" ಎಂದರೆ ಪಕ್ಕದವರು ಕಪ್ಪು ಕೆಳಗಿಟ್ಟು ಕೇಳುತ್ತಾರೆ: "ಯಾವುದ್ರೀ, ಹೊಲದ್ದೋ, ರೈಲಿಂದೋ?"